ನಾಯಿಯನ್ನೆತ್ತಿಕೊಂಡು ತೂಕಕ್ಕೆ ನಿಂತ ಆಂಜಿನಮ್ಮ
ಚಿಂತಾಮಣಿಯ ಆಂಜಿನಮ್ಮನವರ ಮನೆಗೆ ನಾಯಿ ತಂದವರು ಯಜಮಾನರು, ಸಾಕುತ್ತಿರುವವರು ಆಂಜಿನಮ್ಮ. ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಕೊಡುವ ದಿನವನ್ನು ಅವರು ಹಬ್ಬದ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿರುತ್ತಾರೆ. ಔಷಧಿ ಅಂಗಡಿಯ ಗಂಗರಾಜು, "ಸಿರಪ್ ಸುಲಭ ಅಲ್ವೇನಮ್ಮ?" ಅಂದರೆ, "ಅದು ಉಗಿದ್ರೆ ಗೋಡೆ ಒರೆಸೋಕೆ ನೀನು ಬರ್ತೀಯೇನಪ್ಪ? ಮಾತ್ರೇನೇ ಕೊಡು" ಅನ್ನುತ್ತಾರೆ. ಮನೆಯವರ ಹಾಗೆ ನಾಯಿಯೂ ರಾಗಿಮುದ್ದೆಯನ್ನು ಅಗಿಯದೆ ನುಂಗುತ್ತದೆ; ಒಳಗಿಟ್ಟ ಮಾತ್ರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ತೂಕ ನೋಡದೆ ಅಂದಾಜಿಗೆ ಮಾತ್ರೆ ಕೊಡುವವರಲ್ಲ ಆಂಜಿನಮ್ಮ. ಅಂಗಡಿಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ಒಮ್ಮೆ, ಇಳಿಸಿ ಒಬ್ಬರೇ ಒಮ್ಮೆ ನಿಲ್ಲುತ್ತಾರೆ. ಗಂಗರಾಜು ಎರಡನ್ನೂ ಪುಸ್ತಕದಲ್ಲಿ ಬರೆದು, ಒಂದರಲ್ಲೊಂದು ಕಳೆದು ನಾಯಿಯ ತೂಕ ತೆಗೆಯುತ್ತಾನೆ. ಈ ಸಲ ಅವನ ಪೆನ್ನು ನಿಂತಿತು. "ನಾಯಿ ಹಂಗೇ ಇದೆ ಅಮ್ಮ. ಒಂದು ವರ್ಷದಲ್ಲಿ ನೀವು ಒಂಬತ್ತು ಕೆಜಿ ಇಳಿದಿದ್ದೀರ. ಮನೇಲಿ ಯಾರೂ ನೋಡ್ಲಿಲ್ವಾ?" ಆಂಜಿನಮ್ಮ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿ ವರ್ಷದ ತೂಕದ ಸಾಲುಗಳನ್ನೆಲ್ಲ ನಿಧಾನವಾಗಿ ಓದಿದರು. ನಂತರ ಯಜಮಾನರಿಗೆ ಫೋನು ಮಾಡಿದರು: "ಅಂಗಡಿಗೆ ಬಂದು ನಾಯೀನ ಕರ್ಕೊಂಡ್ಹೋಗಿ. ಮುದ್ದೆ ನೀವೇ ತೊಳಸಿ, ಮಾತ್ರೆ ಒಳಗಿಟ್ಟು ಕೊಡಿ. ನಾನು ಡಾಕ್ಟ್ರ ಹತ್ರ ಹೋಗ್ತಿದ್ದೀನಿ. ಅಲ್ಲ ರೀ, ನಾಯಿಗಲ್ಲ, ನನಗೆ."