ಬೈಕ್ ರೇಸಿನ ಪುಸ್ತಕದಲ್ಲಿ ನನ್ನ ಕನ್ನಡ ಒಂದು

ಹೊರದೇಶದಲ್ಲಿ, ಸ್ಯಾಂಡ್‌ವಿಕೆನ್ ಅನ್ನೋ ಊರಲ್ಲಿ ಮಗಳ ಮನೇಲಿದ್ದಾಗಿನ ಮಾತು, ಎರಡು ಸಾವಿರದ ಹದಿನಾಲ್ಕೋ ಹದಿನೈದೋ. ಪಕ್ಕದ ಮನೇಲಿ ನನ್ನ ವಯಸ್ಸಿನವರೇ ಒಬ್ಬರಿದ್ರು, ಸ್ಟೀಲ್ ಫ್ಯಾಕ್ಟರಿಯಿಂದ ರಿಟೈರ್ ಆದೋರು. ಅವರಿಗೆ ಸ್ಪೀಡ್‌ವೇ ಹುಚ್ಚು. ಬ್ರೇಕೇ ಇಲ್ಲದ ಬೈಕಲ್ಲಿ, ಟೀಮಿಗೆ ಇಬ್ಬರ ಹಾಗೆ ನಾಲ್ಕು ಜನ ಮಣ್ಣಲ್ಲಿ ಸುತ್ತು ಹೊಡೀತಾರೆ. ಎಡಕ್ಕೆ ಹೋಗಬೇಕು ಅಂದ್ರೆ ಹ್ಯಾಂಡಲ್ ಬಲಕ್ಕೆ ತಿರುಗಿಸ್ತಾರೆ. ಯಾಕೋ, ಇವತ್ತಿಗೂ ಅರ್ಥ ಆಗಿಲ್ಲ.

ಅವರ ಟೀಮ್ ಒಂದನೇ ಡಿವಿಷನ್ ಅಂತೆ.

"ಓಹೋ, ಎಲ್ಲಕ್ಕಿಂತ ಮೇಲಿಂದು!" ಅಂದೆ.

"ಅಲ್ಲಮ್ಮ, ಅದು ಕೆಳಗಿಂದು. ಮೇಲೆ ಇನ್ನೂ ಎರಡಿದೆ," ಅಂದ್ಲು ಮಗಳು.

ಒಂದನೇದು ಅಂದ್ರೆ ಮೂರನೇದಾ? ಸರಿ ಹೋಯ್ತು!

ಆ ಕೆಳಗಿನ ಲೀಗಿನ ಚರಿತ್ರೆ ಪೂರ್ತಿ ಅವರು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ರು. ಯಾವ ಟೀಮ್ ಮುಚ್ಚಿತು, ಯಾವುದು ಯಾವುದರ ಜೊತೆ ಸೇರ್ಕೊಳ್ತು, ಎಲ್ಲಾ. ಊರಲ್ಲಿ ನಡೆದ ಒಂದೇ ಒಂದು ಮ್ಯಾಚೂ ಬಿಟ್ಟಿರಲಿಲ್ಲ. ಆ ವರ್ಷ ಮಾತ್ರ ಕಣ್ಣಿನ ಪೊರೆ ಆಪರೇಷನ್ನು ಮ್ಯಾಚಿನ ದಿನಾನೇ ಬಂತು. ಪಾಪ, ಊಟ ಬಿಟ್ಟೋರ ಥರ ಕೂತಿದ್ರು.

"ನಾನು ಬರ್ಕೊಂಡು ಬರ್ತೀನಿ," ಅಂದೆ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಪ್ರತಿ ರೇಸಲ್ಲೂ ಮೊದಲು ಬಂದೋರಿಗೆ ಮೂರು ಪಾಯಿಂಟು, ಆಮೇಲೆ ಎರಡು, ಒಂದು, ಕೊನೆಯವರಿಗೆ ಸೊನ್ನೆ. ಕನ್ನಡ ಶಾಲೇಲಿ ಮಗ್ಗಿ ಬರೆಸಿದ ಮೇಷ್ಟ್ರಮ್ಮಂಗೆ ಇದೇನು ಮಹಾ?

ಮಗಳ ಜೊತೆ ಹೋದೆ. ಬಾಯಿ ತುಂಬ ಧೂಳು. ನಮ್ಮೋರು ಗೆದ್ರು. ಯಾರೋ ಹೆಂಗಸು ನನ್ನೇ ತಬ್ಬಿಕೊಂಡ್ಲು.

ವಾರ ಕಳೆದು ಪಕ್ಕದ ಮನೆಯವರು ನಾನು ಬರೆದುಕೊಟ್ಟ ಹಾಳೆ ಹಿಡ್ಕೊಂಡು ಬಾಗಿಲು ತಟ್ಟಿದ್ರು. ಮುಖ ಬಿಳಿಚಿತ್ತು.

"ಎಷ್ಟು ಜನ ಆಸ್ಪತ್ರೇಲಿದಾರೆ ಅಂತ ಕೇಳ್ತಿದಾರಮ್ಮ," ಅಂದ್ಲು ಮಗಳು. "ಪ್ರತಿ ರೇಸಲ್ಲೂ ಎರಡೆರಡು ಸೊನ್ನೆ ಇದೆಯಂತೆ. ಮೂರನೆಯವನು ಪ್ರತಿ ಸಲಾನೂ ಬಿದ್ನಾ ಅಂತ. ಎಲ್ಲರೂ ಗೆದ್ವಿ ಅಂತಾರೆ, ಕೂಡಿದ್ರೆ ಸೋತಿದೀವಿ. ಪುಸ್ತಕದಲ್ಲಿ ಏನಂತ ಬರೀಲಿ ಅಂತಿದಾರೆ."

ನನಗೂ ತಲೆ ಕೆಟ್ಟುಹೋಯ್ತು. ಯಾರೂ ಬಿದ್ದಿರಲಿಲ್ವಲ್ಲ! ಹಾಳೆ ನೋಡಿದ ಮೇಲೆ ಮಗಳು ನಕ್ಕಿದ್ದು ನಕ್ಕಿದ್ದೇ.

"ಅಮ್ಮ, ಕನ್ನಡ ಅಂಕಿ ಬರೆದಿದೀಯಲ್ಲೇ!"

ಎರಡು, ಮೂರನ್ನ ಅವರು ಹೇಗೋ ಊಹೆ ಮಾಡಿದ್ರು, ಮುದುಕಿ ಕೈ ನಡುಗಿರಬೇಕು ಅಂತ. ಆದ್ರೆ ನಮ್ಮ ಒಂದು ಇದೆಯಲ್ಲ, ಈ ಫೋನಲ್ಲಿ ಅದು ಎಲ್ಲಿ ಅಡಗಿದೆ ಅಂತ ಹುಡುಕಿ ಒತ್ತಿದೀನಿ ನೋಡಿ, ೧. ಅದು ಅವರಿಗೆ ಸೊನ್ನೆ ಥರಾನೇ ಕಂಡಿತ್ತು.

ಮೂವರೂ ಭೂತಗನ್ನಡಿ ಹಿಡಿದು ಕೂತ್ವಿ. ಕೆಳಗೆ ಬಾಯಿ ತೆರೆದಿದ್ರೆ ಒಂದು, ಮುಚ್ಚಿದ್ರೆ ಸೊನ್ನೆ. ಅವಸರದಲ್ಲಿ ಬರೆದಿದ್ದು, ಕೆಲವು ನನಗೇ ಗೊತ್ತಾಗಲಿಲ್ಲ. ಕೊನೇಲಿ ಒಂದೇ ರೇಸ್ ಉಳೀತು. ಅದರಲ್ಲಿ ಎರಡೂ ಸೊನ್ನೆ ಬಾಯಿ ಮುಚ್ಚಿದ್ವು. ಅವರು ಕಿಟಕಿ ಹತ್ರ ಹೋಗಿ ಹೊಸ ಕಣ್ಣಲ್ಲಿ ದಿಟ್ಟಿಸಿದ್ರು. ನಮ್ಮ ಟೀಮಿನ ಸೊನ್ನೇಲಿ ಕೂದಲೆಳೆಯಷ್ಟು ಸಂದಿ ಸಿಕ್ತು!

ಮತ್ತೆ ಕೂಡಿದ್ರು. ಗೆದ್ದಿದ್ವಿ. ಹೊಸದಾಗಿ ಬರೆದುಕೊಳ್ತಾರೆ ಅಂದ್ಕೊಂಡ್ರೆ, ನನ್ನ ಹಾಳೇನೇ ಪುಸ್ತಕಕ್ಕೆ ಅಂಟಿಸಿ, ಓದೋರಿಗೆ ತಿಳೀಲಿ ಅಂತ ಪಕ್ಕದಲ್ಲಿ ತಾವೇ ದೊಡ್ಡದಾಗಿ ಕನ್ನಡ ಒಂದು ಬರೆದ್ರು.

ತಲೆಕೆಳಗಾಗಿ ಬರೆದಿದ್ರು. ನಾನು ಸರಿ ಅಂತ ತಲೆ ಆಡಿಸಿದೆ.