ಹುಳಕ್ಕೆ ಒಗ್ಗರಣೆ ಆಗಲ್ಲ

ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಪಾಠ ಹೇಳೋದು ನನ್ನ ಕೆಲಸ. ಮೇಲೂರಿನ ಭವ್ಯಳಿಗೆ ಒಂಬತ್ತು ವರ್ಷ, ಮಾತು ಬರಲ್ಲ. ರೇಗಿದರೆ ಕಿರುಚಿ ಕೈ ಕಚ್ಚುತ್ತಾಳೆ, ತನ್ನದಾದರೂ ಸರಿ, ಅಮ್ಮನದಾದರೂ ಸರಿ. ಅದಕ್ಕೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ನುಂಗಿದ ದಿನ ಗೋಡೆಗೆ ಒರಗಿಸಿಟ್ಟ ಚಾಪೆಯ ಹಾಗಿರುತ್ತಾಳೆ. ನಾನು ಚಾಪೆಗೆ ಅ ಆ ಇ ಈ ಹೇಳಿಕೊಟ್ಟು ಬರುತ್ತೇನೆ.

ಮೊನ್ನೆ ಬಾಗಿಲಲ್ಲೇ ಅವಳ ಅಪ್ಪ ತಡೆದರು.

"ಮೇಡಂ, ಸೆಂಟ್ ಹಾಕಿದ್ದೀರಾ? ಒಳಗೆ ಬರ್ಬೇಡಿ. ಹುಳ ಜ್ವರಕ್ಕೆ ಕೂತವೆ."

ರೇಷ್ಮೆಹುಳ ಪೊರೆ ಬಿಡೋ ಮುಂಚೆ ಅಲ್ಲಾಡದೆ ಮಲಗೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಹುಳ ಇರೋವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಇಲ್ಲ, ಟಿವಿ ಇಲ್ಲ, ನೆಂಟರಿಲ್ಲ.

ಜಗಲಿ ಮೇಲೆ ಕೂತ ಮೇಲೆ ಅವರು ವಿಷಯಕ್ಕೆ ಬಂದರು. "ಒಂದು ಮಾತ್ರೆ ಸಾಲ್ತಿಲ್ಲ. ಎರಡು ಮಾಡಿ ಅಂತ ಡಾಕ್ಟ್ರಿಗೆ ನೀವೊಂದು ಮಾತು ಹೇಳಿ."

"ಈಗ ತುಂಬಾ ಕಿರುಚ್ತಾಳಾ?"

"ಹುಳ ಇರೋವಾಗ ಅಷ್ಟಿಲ್ಲ," ಅಂದರು ಅವಳ ಅಮ್ಮ, ಕಚ್ಚಿಸಿಕೊಂಡ ಕೈ ಸವರಿಕೊಳ್ಳುತ್ತಾ. "ಆಮೇಲೇನೇ ಜಾಸ್ತಿ."

ನನ್ನ ಬಾಯಿ ಸುಮ್ಮನಿರಲಿಲ್ಲ. "ಘಾಟು, ಗಲಾಟೆ ಹುಳಕ್ಕೆ ಆಗಲ್ಲ ಅಂದ್ರೆ ಒಗ್ಗರಣೆ ಬಿಡ್ತೀರ. ಮಗೂಗೆ ಆಗಲ್ಲ ಅಂದ್ರೆ ಮಾತ್ರೆ ಕೊಡ್ತೀರ. ಹುಳಕ್ಕೂ ಮಾತ್ರೆ ಕೊಟ್ಬಿಡಿ, ಆರಾಮಾಗಿ ಒಗ್ಗರಣೆ ಹಾಕ್ಕೊಳ್ಳಿ!"

ಅಪ್ಪ ಗಾಬರಿಯಾಗಿ ಎದ್ದೇ ನಿಂತರು. "ಏನ್ ಮೇಡಂ, ಹುಳಕ್ಕೆ ಮಾತ್ರೆನಾ? ಸತ್ತೋಗ್ತವೆ!"

ಅಮ್ಮ ಗಂಡನ ಮುಖವನ್ನೇ ನೋಡಿದರು. ಹುಳ ಮಲಗಿದ್ದ ಮನೆ, ನಾನು ದನಿ ಎತ್ತೋ ಹಾಗಿರಲಿಲ್ಲ.