ಡ್ರಿಲ್ ಮಾಸ್ತರರ ಪ್ರಾರ್ಥನೆ

ನಮ್ಮ ಮನೆಯೊಳಗೆ ಎರಡಕ್ಕೆ ಪ್ರವೇಶವಿರಲಿಲ್ಲ: ಒಂದು ಸೆರೆಯ ಬಾಟಲಿ, ಇನ್ನೊಂದು 'ನೀಗೂದಿಲ್ಲ' ಎಂಬ ಮಾತು. ಕೈಲಾಗದ್ದಕ್ಕೆಲ್ಲ ನಮ್ಮ ಕಡೆಯ ಜನ ಹಾಗೆನ್ನುತ್ತಾರೆ. ಜೋಳದ ಚೀಲ ಎತ್ತುವುದಿರಲಿ, ಅತ್ತೆಯ ಬಾಯಿ ಇರಲಿ. ಅಪ್ಪ ರಾಮದುರ್ಗದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರರು, ನಮ್ಮ ಸಣ್ಣ ಚರ್ಚಿನ ಹಿರಿಯರೂ ಹೌದು. ಈ ಎರಡು ಹುದ್ದೆಗಳ ನಡುವೆ ಅವರು ಹೆಚ್ಚಿನ ವ್ಯತ್ಯಾಸ ಕಂಡವರಲ್ಲ. ಚಳಿಗಾಲದಲ್ಲೂ ತಣ್ಣೀರ ಸ್ನಾನ, ಆಮೇಲೆ ಬೈಬಲ್, ಆಮೇಲೆ ಬಸ್ಕಿ. ಮನುಷ್ಯನಿಗೊಂದು ಬೆನ್ನೆಲುಬು ಕೊಟ್ಟಲ್ಲಿಗೆ ದೇವರ ಪಾಲಿನ ಕೆಲಸ ಮುಗಿಯಿತು, ಉಳಿದದ್ದು ನಮ್ಮದು ಎಂಬುದು ಅವರ ಸಿದ್ಧಾಂತ.

ಭಾನುವಾರ ಅವರು ಅಟೆನ್ಶನ್ನಿನಲ್ಲಿ ನಿಂತೇ ಪ್ರಾರ್ಥಿಸುತ್ತಿದ್ದರು, ಅದೂ ಅಚ್ಚ ಗ್ರಂಥಸ್ಥ ಕನ್ನಡದಲ್ಲಿ. 'ಕೃಪಾಳುವಾದ ಕರ್ತನೇ' ಎಂದು ಹೊರಟು, ಮಳೆ, ಬೆಳೆ, ಸರಕಾರ, ರೋಗಿಗಳು ಹೀಗೆ ಎಲ್ಲ ಇಲಾಖೆಗಳನ್ನೂ ಮುಟ್ಟಿ ಬರುತ್ತಿದ್ದರು. ತಮಗೆಂದು ಏನನ್ನೂ ಕೇಳುತ್ತಿರಲಿಲ್ಲ. ದೇವರು ಆ ಪಟ್ಟಿಗೊಂದು ರುಜು ಹಾಕಿದರೆ ಸಾಕಿತ್ತು.

ಎಪ್ಪತ್ತರ ದಶಕದ ನಡುವೆ ತಂಗಿ ಹಾಸಿಗೆ ಹಿಡಿದಳು. ತಾಯಿ ಆಗಲೇ ಇರಲಿಲ್ಲ. ನಾನು ಸವದತ್ತಿಯಲ್ಲಿ ನೌಕರಿಗಿದ್ದು, ಶನಿವಾರದ ಬಸ್ಸಿಗೆ ಊರಿಗೆ ಬರುತ್ತಿದ್ದೆ. ಬೆಳಗಾವಿಯ ಡಾಕ್ಟರು ಹೃದಯದ ಕವಾಟ ಕೆಟ್ಟಿದೆ, ಗುಳಿಗೆ ಕೊಟ್ಟು ನೋಡೋಣ, ಹೆಚ್ಚಿನ ಆಸೆ ಬೇಡ ಎಂದರು. ಅಪ್ಪ ಈ ಮಾತನ್ನು ಅಶಿಸ್ತು ಎಂದು ಪರಿಗಣಿಸಿದರು. ಬಸ್ಸಿನಲ್ಲಿ ಬರುವಾಗಲೇ ಅವಳಿಗೊಂದು ವೇಳಾಪಟ್ಟಿ ತಯಾರಾಯಿತು: ಬೆಳಿಗ್ಗೆ ದೀರ್ಘ ಉಸಿರು, ಮಧ್ಯಾಹ್ನ ಗಂಜಿ, ಸಂಜೆ ತಲಬಾಗಿಲಿನ ತನಕ ನಡಿಗೆ. ಮನಸ್ಸು ಗಟ್ಟಿಯಿದ್ದರೆ ಎದೆ ತಾನಾಗಿ ಗಟ್ಟಿಯಾಗುತ್ತದೆ ಎಂದು ದಿನವೂ ಹೇಳಿದರು. ಅವಳು ಎಲ್ಲ ಮಾಡಿದಳು.

ಒಂದು ಶನಿವಾರ ನನ್ನನ್ನು ಹತ್ತಿರ ಕರೆದು, “ನನ್ನ ಎದಿಗೂ ಡ್ರಿಲ್ ಹಚ್ಯಾರ ಅಣ್ಣಾ. ಅದಕ್ಕ ಎಡ-ಬಲ ತಿಳೀವಲ್ದು” ಎಂದಳು. ನಾನು ನಕ್ಕೆ. ಅವಳ ಪಾದಗಳು ಬಾತಿದ್ದನ್ನು ನೋಡಿದ್ದು ಆಮೇಲೆ.

ಅಂದು ಸಂಜೆಯೂ ಅಪ್ಪ ಅವಳ ರೆಟ್ಟೆ ಹಿಡಿದು ನಡೆಸಿದರು. ನಡುಮನೆ ದಾಟುವ ಮೊದಲೇ ಅವಳು ಕುಸಿದು ಕೂತಳು. ಏಳು, ಏಳು ಎಂದರು. ಅವಳು ಏಳಲಿಲ್ಲ.

“ನನಗ ನೀಗೂದಿಲ್ಲರಿ ಅಪ್ಪಾ. ನಿಮಗೂ ನೀಗೂದಿಲ್ಲ. ದೇವರಿಗೆ ಒಮ್ಮೆ ಹಂಗ ಹೇಳ್ರಲಾ.”

ಅಪ್ಪ ಅವಳ ರೆಟ್ಟೆ ಬಿಟ್ಟರು. ಆಮೇಲೆ ಅವಳ ಪಕ್ಕ ನೆಲಕ್ಕೆ ಕೂತರು. ಕೃಪಾಳುವಾದ ಎಂಬಲ್ಲಿಗೆ ಬಂದು ಮಾತು ನಿಂತಿತು. ಇನ್ನೊಮ್ಮೆ ಶುರುಮಾಡಿದರು, ಮತ್ತೆ ಅಲ್ಲಿಗೇ ನಿಂತಿತು. ಕೊನೆಗೆ ಬಂದದ್ದು ನಮ್ಮ ಓಣಿಯ ಕನ್ನಡ.

“ಅಪ್ಪಾ, ನೀಗೂದಿಲ್ಲೋ. ನೀನ ನೋಡು.”

ಅವರು ಯಾರನ್ನಾದರೂ ಅಪ್ಪಾ ಎಂದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ತಂಗಿ ಅವರ ಹೆಗಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ವೇಳಾಪಟ್ಟಿ ಅಂದಿಗೇ ರದ್ದಾಯಿತು. ಆಮೇಲೆ ಅವರು ಅವಳಿಗೆ ಏನನ್ನೂ ಕಲಿಸಲಿಲ್ಲ. ಬಳಿ ಕೂತಿರುತ್ತಿದ್ದರು, ಕಾಲು ಒತ್ತುತ್ತಿದ್ದರು, ಅವಳು ಹೇಳಿದ ಹಾಡನ್ನು ಅಪಶ್ರುತಿಯಲ್ಲಿ ಹಾಡುತ್ತಿದ್ದರು.

ಇಲ್ಲಿ ಪವಾಡವೊಂದನ್ನು ಬರೆಯುವ ಆಸೆ ನನಗೂ ಇತ್ತು. ಆಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವಳು ಹೋದಳು. ಕಡೆಯ ದಿನಗಳಲ್ಲಿ ಅವಳಿಗೆ ಹೆದರಿಕೆ ಇರಲಿಲ್ಲ, ಅಷ್ಟನ್ನು ಮಾತ್ರ ನಾನು ಕಣ್ಣಾರೆ ಕಂಡದ್ದು.

ಮಣ್ಣು ಕೊಟ್ಟ ಮೇಲೆ ಪಾಸ್ಟರು ಪದ್ಧತಿಯಂತೆ, ನೀವೇ ಹಿರಿಯರು, ಧೈರ್ಯ ತಂದುಕೊಳ್ಳಬೇಕು ಎಂದರು.

“ನನ್ನ ಕಡೆ ಇಲ್ಲರಿ ಅಯ್ನೋರ. ದೇವರ ಕಡೆ ಕೇಳಾಕತ್ತೇನಿ,” ಎಂದರು ಅಪ್ಪ.

ಕೇಳುವುದು ಮುಂದೆಯೂ ನಡೆಯಿತು. ದಿನವೂ ನಸುಕಿನಲ್ಲಿ ಅವಳು ಮಲಗುತ್ತಿದ್ದ ಖಾಲಿ ಹೊರಸಿನ ಪಕ್ಕ ನೆಲದ ಮೇಲೆ ಕೂತು ಕೇಳುತ್ತಿದ್ದರು. ಸಿಕ್ಕಿದ್ದು ಸಂಜೆಗೆ ತೀರಿಹೋಗುತ್ತಿತ್ತೆಂದು ಕಾಣುತ್ತದೆ. ಮರುದಿನ ಮತ್ತೆ ಬರಿಗೈ. ಒಂದು ಭಾನುವಾರ ನಾನು ತಡೆಯಲಾರದೆ, ಏನಾದರೂ ಸಿಕ್ಕಿತೇ ಎಂದು ಕೇಳಿದೆ.

“ಎದ್ದು ನಿಂದ್ರೂವಷ್ಟು,” ಎಂದು ಕೈ ಚಾಚಿದರು.

ಹಿಡಿದು ಎಬ್ಬಿಸಿದೆ. ಅಪ್ಪ ಇಷ್ಟು ಹಗುರಾಗಿದ್ದಾರೆಂದು ನನಗೆ ಗೊತ್ತಿರಲಿಲ್ಲ.